ದೃಶ್ಯಕಾವ್ಯವೂ ಪ್ರೇಕ್ಷಾಗೃಹವೂ

ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನಲ್ಲಿರುವ ಹಳ್ಳಿಖೇಡ (ಬಿ) ಪಟ್ಟಣದ ಸುತ್ತಣ ಸೀಮೆಯಲ್ಲಿ, ಕಟ್ಟಡಕ್ಕೂ ವಾಙ್ಮಯಕ್ಕೂ ಇರುವ ಸಂಬಂಧವನ್ನು ತೋರಿಸುವ ಎರಡು ನಿದರ್ಶನಗಳಿವೆ. ಮೊದಲನೆಯದು ಅದೇ ತಾಲೂಕಿನ ಜಲಸಂಗಿಯ ದೇವಾಲಯ. ಅಲ್ಲಿಯ ಮದನಿಕೆಯೊಬ್ಬಳು ಫಲಕದ ಮೇಲೆ ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿಯ ಸಂಸ್ಕೃತ ಶ್ಲೋಕವನ್ನು ಬರೆಯುತ್ತ ನಿಂತಿರುವಳು. ಇಲ್ಲಿ ಕಟ್ಟಡವೇ ಕಾವ್ಯವನ್ನು ಕಾಪಾಡಿತು. ಎರಡನೆಯದು ಕಲ್ಯಾಣದ ಅನುಭವ ಮಂಟಪ. ಹನ್ನೆರಡನೆಯ ಶತಮಾನದ ಆ ಸಭಾಸ್ಥಾನವನ್ನು ಇಂದು ನಾವು ವಚನಗಳಿಂದಲೂ ಶೂನ್ಯಸಂಪಾದನೆಗಳಿಂದಲೂ ಭಾವಿಸಿಕೊಳ್ಳಬೇಕಾಗಿದೆ. 2021ರಲ್ಲಿ ಬಸವಕಲ್ಯಾಣದಲ್ಲಿ ನೂತನ ಮಂಟಪಕ್ಕೆ ಶಂಕುಸ್ಥಾಪನೆಯಾದುದು ಈ ವಾಙ್ಮಯದ ಬಲದಿಂದಲೇ. ಇಲ್ಲಿ ಕಾವ್ಯವೇ ಕಟ್ಟಡವನ್ನು ಕಾಪಾಡಿತು.

ಎರಡೂ ಅಳಿದರೆ ಏನಾಗುವುದೆಂಬುದಕ್ಕೆ ನಿದರ್ಶನವನ್ನು ಬೆಂಗಳೂರಿನಲ್ಲಿ ಕಾಣಬೇಕು. ಕನ್ನಡದ ಮೊದಲನೆಯ ವಾಕ್ಚಿತ್ರವಾಗಿ ತೆರೆಕಂಡ ‘ಸತಿ ಸುಲೋಚನಾ’ 1934ನೆಯ ಮಾರ್ಚ್ 3ರಂದು ಆ ನಗರದ ಮಾರುಕಟ್ಟೆಯ ಸಮೀಪದ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ಪ್ರದರ್ಶಿತವಾಯಿತು. ವೈ. ವಿ. ರಾವ್ ಅದರ ನಿರ್ದೇಶಕರು. ರಂಗಭೂಮಿಯಲ್ಲಿ ಹೆಸರಾಂತ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರೇ ನಟರು. ಸಂಭಾಷಣೆಯನ್ನೂ ಹಾಡುಗಳನ್ನೂ ರಚಿಸಿದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ. ಆ ಚಿತ್ರದ ಪ್ರತಿಯು ಈಗ ದೊರೆಯದು. ಆ ಮಂದಿರವೂ ಈಗಿಲ್ಲ. ತಾಳೆಯೋಲೆಯೂ ಹೋಗಿ, ಅದನ್ನಿರಿಸಿದ್ದ ಪೆಟ್ಟಿಗೆಯೂ ಹೋದಂತಾಯಿತು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಚಿತ್ರವು ಎಲ್ಲಿ ತೋರಿಸಿದರೂ ಒಂದೇ; ಮಂದಿರವು ಕೇವಲ ವ್ಯಾಪಾರದ ಕಟ್ಟಡ; ಅದರ ಗೋಡೆ ಕಂಬಗಳಿಂದ ಸಾಹಿತ್ಯವಿಮರ್ಶಕನಿಗೆ ಪ್ರಯೋಜನವೇನು? ಎಂಬುದೇ ಆ ಪೂರ್ವಪಕ್ಷ. ನಮ್ಮ ನಾಟಕಚರಿತ್ರೆ, ಚಲಚ್ಚಿತ್ರಚರಿತ್ರೆಗಳಲ್ಲಿ ಅನೇಕವು ಇದನ್ನೇ ಮೌನವಾಗಿ ಅಂಗೀಕರಿಸಿ, ಕೃತಿ, ಕರ್ತೃ, ವರ್ಷಗಳನ್ನು ಹೇಳಿ ವಿರಮಿಸುವುವು.

ಭರತಮುನಿಯ ಮತವು ಹೀಗಲ್ಲ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವೇ ಮಂಡಪವಿಧಿ. ರಸ ಭಾವಗಳ ನಿರೂಪಣೆಗಿಂತ ಮೊದಲೇ ಅವನು ಗೃಹದ ಅಳತೆಯನ್ನು ಹೇಳಿರುವನು. ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಂಡಪವೇ ಯುಕ್ತವಾದುದು. ಅದಕ್ಕಿಂತ ಹಿರಿದಾದರೆ ಮಾತು ಅಸ್ಪಷ್ಟವಾಗುವುದು, ಮುಖದ ಭಾವವು ಕಾಣದಾಗುವುದು ಎಂಬುದೇ ಅದಕ್ಕೆ ಹೇತು. ಮಂಡಪವು ಬೆಟ್ಟದ ಗುಹೆಯಂತಿರಬೇಕು, ಗಾಳಿಯ ಹೊಡೆತವಿರಬಾರದು, ಧ್ವನಿಯು ಗಂಭೀರವಾಗಿ ಕೇಳಬೇಕು ಎಂದೂ ವಿಧಿಸಿರುವನು. ಆದುದರಿಂದ ದೃಶ್ಯಕಾವ್ಯದಲ್ಲಿ ಗೃಹವು ರಸಸಾಮಗ್ರಿಗೆ ಸೇರಿದುದೇ ಹೊರತು ಹೊರಗಿನ ಹೊದಿಕೆಯಲ್ಲ.

ಚಲಚ್ಚಿತ್ರವು ಈ ಹೇತುವನ್ನು ತಪ್ಪಿಸಿತೆಂಬುದು ನಿಜ. ತೆರೆಯ ಮೇಲೆ ಮುಖವು ಹಲವು ಪಟ್ಟು ಹಿರಿದಾಗುವುದು. ಧ್ವನಿವರ್ಧಕವು ಮಾತನ್ನು ಕೊನೆಯ ಸಾಲಿಗೂ ಮುಟ್ಟಿಸುವುದು. 1968ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಪಾಲಿ ಚಿತ್ರಮಂದಿರದಲ್ಲಿ ಸಾವಿರಕ್ಕೂ ಮಿಕ್ಕ ಆಸನಗಳಿದ್ದುದು ಇದರಿಂದಲೇ ಸಾಧ್ಯವಾಯಿತು. ಆದರೆ ಅಳತೆಯ ಹೇತುವು ಹೋದರೂ ವಿಧಿಯ ಉದ್ದೇಶವು ಹೋಗಲಿಲ್ಲ. ಗುಹೆಯ ಕತ್ತಲೆಯಲ್ಲಿ ಅಪರಿಚಿತರು ಒಟ್ಟಿಗೆ ಕುಳಿತು ಒಂದೇ ಕ್ಷಣದಲ್ಲಿ ನಗುವುದೂ ಅಳುವುದೂ ಸಾಧಾರಣೀಕರಣಕ್ಕೆ ಲೋಕವು ಕೊಟ್ಟ ಪ್ರತ್ಯಕ್ಷ ಪ್ರಮಾಣವೇ ಆಗಿದೆ.

ಮತ್ತೊಂದು ಭೇದವನ್ನೂ ಗಮನಿಸಬೇಕು. ಭರತನ ಮಂಡಪದಲ್ಲಿ ನಾಲ್ಕು ವರ್ಣಗಳ ಹೆಸರಿನ ನಾಲ್ಕು ಸ್ತಂಭಗಳಿರುವುವು. ಚಿತ್ರಮಂದಿರದಲ್ಲಿ ಮುಂದಿನ ಸಾಲಿಗೂ ಮೇಲಂತಸ್ತಿಗೂ ದರದ ಭೇದವಿದ್ದಿತು, ವರ್ಣದ ಕಂಬವಿರಲಿಲ್ಲ. ಕಲ್ಯಾಣದಲ್ಲಿ ಶರಣರು ತತ್ತ್ವದಿಂದ ಸಾಧಿಸಬಯಸಿದ ಸಹಾಸನವನ್ನು ಇಲ್ಲಿ ಟಿಕೆಟ್ಟು ಅರೆಬರೆಯಾಗಿ ಸಾಧಿಸಿತು. ಎರಡನ್ನೂ ಸಮವೆನ್ನುವುದು ಅತ್ಯುಕ್ತಿ. ಎರಡನೆಯದನ್ನು ಲೆಕ್ಕಿಸದಿರುವುದು ಪ್ರಮಾದ. ಹಣದ ಭೇದವು ಉಳಿದುದನ್ನು ಮರೆಯದೆಯೇ ಈ ಮಾತನ್ನು ಹೇಳಬೇಕು. ಇಂತಹ ಸಂಗತಿಯನ್ನು ತಿಳಿಸುವುದು ಚಿತ್ರದ ಸುರುಳಿಯಲ್ಲ, ಮಂದಿರದ ಆಸನವಿನ್ಯಾಸ.

ಈ ಪ್ರಮಾಣಗಳು ಈಗ ತ್ವರಿತವಾಗಿ ಅಳಿಯುತ್ತಿವೆ. ಕಪಾಲಿಯು ನೆಲಸಮವಾಯಿತು. 1974ರಲ್ಲಿ ತೆರೆದ ಕಾವೇರಿಯು ಐವತ್ತು ವರ್ಷ ನಡೆದು 2024ರಲ್ಲಿ ಮುಚ್ಚಿತು. ಒಡೆಯರಿಗೆ ನಷ್ಟವಾಗುತ್ತಿರುವ ಕಟ್ಟಡವನ್ನೆಲ್ಲ ಉಳಿಸಬೇಕೆಂದು ವಿಧಿಸುವುದು ವಿಮರ್ಶೆಯ ಅಧಿಕಾರಕ್ಕೆ ಮೀರಿದ ಮಾತು. ಅಳತೆ, ನಕ್ಷೆ, ಆಸನವಿನ್ಯಾಸ, ದರಪಟ್ಟಿ, ಕರಪತ್ರಗಳನ್ನು ಕೆಡಹುವ ಮುನ್ನವೇ ಸಂಗ್ರಹಿಸುವುದಾದರೋ ಅದರ ಕರ್ತವ್ಯದೊಳಗಿನದೇ. ಜೀರ್ಣವಾದ ಓಲೆಯನ್ನು ಕಂಡ ಪಂಡಿತನು ಮೊದಲು ಪ್ರತಿಮಾಡಿಕೊಳ್ಳುವನು, ಅನಂತರ ಅದರ ಗುಣದೋಷಗಳನ್ನು ವಿಚಾರಿಸುವನು. ನರಹರಿ ಶಾಸ್ತ್ರಿಗಳ ಮಾತು ಹಾಡುಗಳು ಆ ತೆರೆಯ ಮೇಲೆ ಹೇಗೆ ಕೇಳಿದುವೆಂಬುದನ್ನು ಇಂದು ಹೇಳಬಲ್ಲ ಗೋಡೆಯೂ ಇಲ್ಲ. ಜಲಸಂಗಿಯ ಮದನಿಕೆಯಾದರೋ ಒಂಬತ್ತು ಶತಮಾನಗಳಾಚೆಯ ಶ್ಲೋಕವನ್ನು ಇನ್ನೂ ಬರೆಯುತ್ತಲೇ ಇರುವಳು.