ಚಿಕಿತ್ಸೆಯೋ, ಸಂಶೋಧನೆಯೋ? ಹೆನ್ರಿಯೆಟ್ಟಾ ಲ್ಯಾಕ್ಸ್ ಪುಸ್ತಕವನ್ನು ಮತ್ತೆ ಓದುತ್ತಾ

ರೆಬೆಕಾ ಸ್ಕ್ಲೂಟ್ ಅವರ ‘ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟ್ಟಾ ಲ್ಯಾಕ್ಸ್’ ಪ್ರಕಟವಾದದ್ದು 2010ರಲ್ಲಿ. ವೈದ್ಯಕೀಯ ನೈತಿಕತೆಯ ಮಾತು ಬಂದಾಗಲೆಲ್ಲ ಈ ಪುಸ್ತಕದ ಹೆಸರು ಬರುತ್ತದೆ. ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನನ್ನ ದೇಹದಿಂದ ತೆಗೆದ ಜೀವಕೋಶದ ಒಡೆತನ ಯಾರದು? ಪ್ರಶ್ನೆ ದೊಡ್ಡದೇ. ಆದರೆ ಅದಕ್ಕಿಂತ ಹರಿತವಾದ ಇನ್ನೊಂದು ಪ್ರಶ್ನೆ ಪುಸ್ತಕದೊಳಗೇ ಇದೆ, ಲೇಖಕಿ ಅದನ್ನು ಮುಟ್ಟಿ ಮುಂದೆ ಹೋಗಿಬಿಡುತ್ತಾರೆ ಎನ್ನುವುದು ನನ್ನ ತಕರಾರು.

ಕಥೆ ಗೊತ್ತಿಲ್ಲದವರಿಗಾಗಿ ಇಷ್ಟು. ಹೆನ್ರಿಯೆಟ್ಟಾ ಐದು ಮಕ್ಕಳ ತಾಯಿ, ತಂಬಾಕು ಹೊಲಗಳಲ್ಲಿ ದುಡಿದು ಬೆಳೆದ ಕಪ್ಪು ಹೆಣ್ಣುಮಗಳು. 1951ರಲ್ಲಿ ಗರ್ಭಕಂಠದ ಕ್ಯಾನ್ಸರ್ ಚಿಕಿತ್ಸೆಗೆಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ದಾಖಲಾದಳು. ರೇಡಿಯಂ ಇಡುವ ಮುನ್ನ ವೈದ್ಯರು ಗಡ್ಡೆಯಿಂದ ಒಂದು ಚೂರು, ಪಕ್ಕದ ಆರೋಗ್ಯವಂತ ಭಾಗದಿಂದ ಇನ್ನೊಂದು ಚೂರು ತೆಗೆದು ಜಾರ್ಜ್ ಗೈ ಅವರ ಪ್ರಯೋಗಾಲಯಕ್ಕೆ ಕಳುಹಿಸಿದರು. ಆಕೆ ಸಹಿ ಹಾಕಿದ್ದ ಕಾಗದ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವಂಥದ್ದು, ಅದರಲ್ಲಿ ಸಂಶೋಧನೆಯ ಸುಳಿವೇ ಇರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ, 31ರ ವಯಸ್ಸಿಗೆ, ಆಕೆ ತೀರಿಕೊಂಡಳು. ಗಡ್ಡೆಯ ಕೋಶಗಳು ಮಾತ್ರ ಸಾಯದೆ ಬೆಳೆಯುತ್ತಲೇ ಹೋದವು. ‘ಹೀಲಾ’ ಎಂಬ ಹೆಸರಿನಲ್ಲಿ ಅವು ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ತಲುಪಿದವು. ಇದೆಲ್ಲ ಮನೆಯವರಿಗೆ ತಿಳಿದದ್ದು ಎರಡು ದಶಕಗಳ ನಂತರ.

ಪುಸ್ತಕದ ಅತ್ಯಂತ ಕಾಡುವ ಭಾಗ 1973ರದ್ದು. ಹೀಲಾ ಕೋಶಗಳು ಬೇರೆ ಕೋಶಗಳೊಂದಿಗೆ ಬೆರೆತು ಗೊಂದಲವಾಗಿತ್ತು. ಅದನ್ನು ಬಿಡಿಸಲು ಕುಟುಂಬದ ಆನುವಂಶಿಕ ಗುರುತುಗಳು ಬೇಕಿದ್ದರಿಂದ ಹಾಪ್ಕಿನ್ಸ್‌ನ ಸಂಶೋಧಕರು ಮಕ್ಕಳ ರಕ್ತ ತೆಗೆದುಕೊಂಡು ಹೋದರು. ಮಗಳು ಡೆಬೊರಾ ತಿಳಿದುಕೊಂಡದ್ದೇ ಬೇರೆ: ಅಮ್ಮನಿಗೆ ಬಂದ ಕ್ಯಾನ್ಸರ್ ತನಗೂ ಇದೆಯೇ ಎಂದು ನೋಡುತ್ತಿದ್ದಾರೆ. ಆಕೆ ಫಲಿತಾಂಶಕ್ಕಾಗಿ ಕಾದಳು. ಅಂಥ ಪರೀಕ್ಷೆಯೇ ನಡೆದಿರಲಿಲ್ಲ.

ನನ್ನ ಮಟ್ಟಿಗೆ ಪುಸ್ತಕದ ಜೀವಾಳ ಇಲ್ಲಿದೆ. ಇಲ್ಲಿ ಯಾರೂ ಯಾರ ಆಸ್ತಿಯನ್ನೂ ಕದ್ದಿಲ್ಲ. ಆಸ್ಪತ್ರೆ ಅದೇ, ಸೂಜಿ ಅದೇ. ಸೂಜಿ ಹಿಡಿದವರಿಗೆ ಅದು ಸಂಶೋಧನೆ, ಕೈ ಚಾಚಿದವಳಿಗೆ ಚಿಕಿತ್ಸೆ. ಇದು ಏನು ಎಂದು ಹೆಸರಿಟ್ಟು ಹೇಳುವ ಅಧಿಕಾರ ಒಬ್ಬರ ಬಳಿ ಮಾತ್ರ ಇತ್ತು. 1951ರಲ್ಲಿ ಆಪರೇಷನ್ ಮೇಜಿನ ಮೇಲೆ ನಡೆದದ್ದೂ ಇದೇ.

ಸ್ಕ್ಲೂಟ್ ಈ ದೃಶ್ಯವನ್ನು ಮನಮುಟ್ಟುವಂತೆ ಬರೆಯುತ್ತಾರೆ, ಆದರೆ ಅದರ ಬೆನ್ನು ಹತ್ತುವುದಿಲ್ಲ. ತಾಯಿಯ ಬದುಕು, ಕೋಶಗಳ ಪಯಣ, ಮಗಳ ಹುಡುಕಾಟ ಎಂಬ ಮೂರು ಎಳೆಗಳನ್ನು ಹೆಣೆಯುವ ಕಥನ ನಮ್ಮನ್ನು ಕುಟುಂಬದ ನೋವಿಗೆ ಹತ್ತಿರವಾಗಿಸುತ್ತದೆ. ಕಾನೂನು, ನೀತಿಗಳ ನೇರ ಚರ್ಚೆ ಹೆಚ್ಚಾಗಿ ಕೊನೆಯ ಹಿನ್ನುಡಿಗೆ ಸರಿಯುತ್ತದೆ. ಅಲ್ಲಿಯೂ ಒಡೆತನದ ಪ್ರಶ್ನೆಗೇ ಹೆಚ್ಚು ತೂಕ. ಒಡೆತನಕ್ಕಾದರೆ ನ್ಯಾಯಾಲಯದ ದಾರಿಯಿದೆ. 1990ರ ಮೂರ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ದೇಹದಿಂದ ತೆಗೆದ ಕೋಶಗಳ ಮೇಲೆ ರೋಗಿಯ ಆಸ್ತಿಹಕ್ಕನ್ನು ಒಪ್ಪಲಿಲ್ಲ. ಆದರೆ ವೈದ್ಯರು ತಮ್ಮ ಸಂಶೋಧನೆಯ ಹಿತಾಸಕ್ತಿಯನ್ನು ರೋಗಿಗೆ ತಿಳಿಸಬೇಕಿತ್ತು ಎಂದಿತು. 2023ರಲ್ಲಿ ಲ್ಯಾಕ್ಸ್ ಕುಟುಂಬ ಮತ್ತು ಥರ್ಮೋ ಫಿಶರ್ ಕಂಪನಿಯ ನಡುವಿನ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಡೆಬೊರಾ ಕಾದ ಕಾಯುವಿಕೆಗೆ ಅಂಥ ರಾಜಿ ಇಲ್ಲ.

ಬಿಟ್ಟುಹೋದ ಪ್ರಶ್ನೆ ಏಕೆ ಮುಖ್ಯ ಎಂದು ತಿಳಿಯಲು ಇದೇ ಕೋಶಗಳ ಹಾದಿಯಲ್ಲಿ ಭಾರತದವರೆಗೂ ಬರಬೇಕು. 1980ರ ದಶಕದಲ್ಲಿ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರ ತಂಡ ಗರ್ಭಕಂಠದ ಕ್ಯಾನ್ಸರಿಗೂ ಎಚ್‌ಪಿವಿ ವೈರಸ್ಸಿಗೂ ಇರುವ ನಂಟನ್ನು ತೋರಿಸಿತು. ಹೀಲಾ ಕೋಶಗಳಲ್ಲೂ ಆ ವೈರಸ್ಸಿನ 18ನೇ ಬಗೆ ಸಿಕ್ಕಿತು. 2006ರಲ್ಲಿ ಲಸಿಕೆ ಬಂತು. 2009ರಲ್ಲಿ ಪಾತ್ ಎಂಬ ಅಮೆರಿಕದ ಸಂಸ್ಥೆ, ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳ ಜೊತೆಗೂಡಿ, ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹತ್ತರಿಂದ ಹದಿನಾಲ್ಕರ ವಯಸ್ಸಿನ ಸಾವಿರಾರು ಹುಡುಗಿಯರಿಗೆ ಆ ಲಸಿಕೆ ಹಾಕಿಸಲು ಹೊರಟಿತು.

ಅದಕ್ಕೆ ಇಟ್ಟ ಹೆಸರು ‘ಡೆಮಾನ್‌ಸ್ಟ್ರೇಶನ್ ಪ್ರಾಜೆಕ್ಟ್’, ಅಂದರೆ ಪ್ರಾತ್ಯಕ್ಷಿಕೆ. ಲಸಿಕೆಗೆ ಪರವಾನಗಿ ಸಿಕ್ಕಿದೆ, ಆದ್ದರಿಂದ ಇದು ಕ್ಲಿನಿಕಲ್ ಟ್ರಯಲ್ ಅಲ್ಲ ಎಂಬುದು ವಾದ. ಟ್ರಯಲ್ ಅಲ್ಲ ಎಂದ ಮೇಲೆ ಟ್ರಯಲ್‌ನ ಕಟ್ಟುನಿಟ್ಟೂ ಇಲ್ಲ. ಆಂಧ್ರದಲ್ಲಿ ಪರಿಶೀಲಿಸಿದ 9543 ಒಪ್ಪಿಗೆ ಪತ್ರಗಳಲ್ಲಿ 2763ಕ್ಕೆ ಸಹಿ ಹಾಕಿದವರು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್‌ಗಳು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಹಬ್ಬಿ, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕ್ಲಿನಿಕಲ್ ಟ್ರಯಲ್ ಎಂದೇ ಕರೆದು, ಒಪ್ಪಿಗೆ ಪಡೆದ ರೀತಿಯನ್ನು ಕಟುವಾಗಿ ಟೀಕಿಸಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಎಚ್‌ಪಿವಿ ಲಸಿಕೆ ಒಳ್ಳೆಯದು, ಕ್ಯಾನ್ಸರ್ ತಡೆಯುತ್ತದೆ. ಭಾರತದಲ್ಲಿ 2020ರ ಒಂದೇ ವರ್ಷದಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ 77 ಸಾವಿರಕ್ಕೂ ಹೆಚ್ಚು ಹೆಂಗಸರು ಸತ್ತಿದ್ದಾರೆಂಬ ಅಂದಾಜಿದೆ. ಲಸಿಕೆ ನಮ್ಮ ಹುಡುಗಿಯರಿಗೆ ಬೇಗ ಸಿಗಬೇಕಿತ್ತು. ಖಮ್ಮಂನ ನಂತರ ಹುಟ್ಟಿದ ಅನುಮಾನ ಅದರ ದಾರಿಗೆ ಅಡ್ಡ ಬಂದ ಕಾರಣಗಳಲ್ಲಿ ಒಂದು. ಒಪ್ಪಿಗೆ ಕೇಳುತ್ತಾ ಕೂತರೆ ವಿಜ್ಞಾನ ನಿಧಾನವಾಗುತ್ತದೆ ಎನ್ನುವವರು ಈ ವಿಳಂಬವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ದುರ್ಬಲ ವರ್ಗದವರ ಮೇಲೆ ಹೊಸ ಔಷಧಗಳ ಟ್ರಯಲ್ ನಡೆಸುವಾಗ ಒಪ್ಪಿಗೆಯನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸಬೇಕು ಎನ್ನುತ್ತವೆ. ಒಳ್ಳೆಯ ನಿಯಮವೇ. ಆದರೆ ಅದು ಜಾರಿಗೆ ಬರುವುದು ಟ್ರಯಲ್ ಎಂದು ಕರೆದಾಗ. ಕರೆಯುವವರು ಮತ್ತೆ ಅವರೇ. ನನ್ನಂಥ ಸಂಶೋಧನಾ ವಿದ್ಯಾರ್ಥಿಗಳೂ ಎಥಿಕ್ಸ್ ಕಮಿಟಿಯ ಅರ್ಜಿ ತುಂಬುವಾಗ ನಮ್ಮ ಕೆಲಸಕ್ಕೆ ಯಾವ ಹೆಸರಿಟ್ಟರೆ ಕಡಿಮೆ ತೊಂದರೆ ಎಂದು ಯೋಚಿಸುವುದುಂಟು. ಅಂಥ ಯೋಚನೆ ನೀತಿಯ ಮಟ್ಟಕ್ಕೆ ಏರಿದರೆ ಅದರ ಭಾರ ಹೊರುವವರು ಹಾಸ್ಟೆಲ್ ಹುಡುಗಿಯರು.

ಸ್ಕ್ಲೂಟ್ ಪುಸ್ತಕವನ್ನು ಖಂಡಿತ ಓದಿ. ಓದಿದ ಮೇಲೆ ಸಂಸದೀಯ ಸಮಿತಿಯ 72ನೇ ವರದಿಯನ್ನೂ ಓದಿ. ಅದರಲ್ಲಿ ಕಥನದ ಸೊಗಸಿಲ್ಲ, ಡೆಬೊರಾಳಂಥ ಪಾತ್ರವೂ ಇಲ್ಲ. ಸೂಜಿ ಚುಚ್ಚಿಸಿಕೊಂಡ ಹುಡುಗಿಗೆ ಅದು ಏನೆಂದು ಹೇಳಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಅದು ನೇರವಾಗಿ ಎತ್ತುತ್ತದೆ.