ಗಂಜಿನ ರವೆ, ಮೈಸೂರಿನ ನೊಣ

ಬೀದರಿನ ಗಾಂಧಿ ಗಂಜಿನಲ್ಲಿ ನಾನು ರವೆ, ಬೆಲ್ಲ ಕೊಳ್ಳುವ ಅಂಗಡಿಯವರು ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟರು: “ಮಾಸ್ತರ್ರೇ, ತಿಂಗ್ಳಾ ಇಷ್ಟು ರವಾ-ಬೆಲ್ಲ ಒಯ್ತೀರಿ, ಮನ್ಯಾಗ ದಿನಾ ಶಿರಾ ಮಾಡ್ತಾರೇನ್ರೀ?”

“ಇಲ್ರೀ ಸಾವ್ಕಾರ್ರೇ, ನೊಣಕ್ಕ ಹಾಕ್ಲಾಕ” ಅಂದೆ. ತಕ್ಕಡಿ ಹಿಡಿದ ಕೈ ಹಾಗೇ ನಿಂತಿತು.

ಹುಡುಗಾಟವಲ್ಲ. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೋಫಿಲಾ ಅನ್ನುವ ಹಣ್ಣುನೊಣಗಳಿಗೆ ಬಡಿಸುವ ಊಟವೇ ಇದು: ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್, ಬೂಷ್ಟು ಹಿಡಿಯದಂತೆ 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ, ಮೇಲೆ ಚಿಟಿಕೆ ಯೀಸ್ಟ್. ಅಮೆರಿಕದವರು ಮೆಕ್ಕೆಜೋಳದ ಹಿಟ್ಟು ಕುದಿಸುತ್ತಾರೆ. ನನ್ನನ್ನು ಕೇಳಿದರೆ ನಮ್ಮ ಶಿರಾನೇ ಮೇಲು.

ನೊಣ ಸಾಕುವವರ ಮಾತು ಕೊನೆಗೆ ಬಂದು ನಿಲ್ಲುವುದು ಟ್ರಾನ್ಸ್‌ಲೊಕೇಶನ್ ಮೇಲೆ. ಒಂದು ವರ್ಣತಂತುವಿನ ತುಂಡು ಮುರಿದು ಇನ್ನೊಂದಕ್ಕೆ ಅಂಟಿಕೊಳ್ಳುವುದು. 1923ರಲ್ಲಿ ಕ್ಯಾಲ್ವಿನ್ ಬ್ರಿಜಸ್ ಇದನ್ನು ಹಣ್ಣುನೊಣದಲ್ಲಿ ತೋರಿಸಿದ. 1927ರಲ್ಲಿ ಮುಲ್ಲರ್ ಎಕ್ಸ್-ರೇ ಬಿಟ್ಟು ವರ್ಣತಂತುಗಳನ್ನು ಮುರಿಯುವ ದಾರಿ ಹಾಕಿಕೊಟ್ಟ ಮೇಲಂತೂ ಇಂಥ ನೊಣಗಳಿಗೆ ಬರವಿಲ್ಲ.

ಸಾವ್ಕಾರರಿಗೆ ಅಲ್ಲಿದ್ದ ಚೀಲಗಳನ್ನೇ ತೋರಿಸಿ ಹೇಳಿದೆ. ಅಂಗಡಿಯಲ್ಲಿ ಎರಡು ತೊಗರಿ ಚೀಲ, ಎರಡು ಹೆಸರು ಚೀಲ. ಹಮಾಲಿ ಹೊಲಿಯುವಾಗ ಒಂದು ತೊಗರಿ ಚೀಲದ ಅರ್ಧ ಮಾಲು ಒಂದು ಹೆಸರು ಚೀಲಕ್ಕೆ, ಅದರ ಅರ್ಧ ಇದಕ್ಕೆ ಸುರಿದುಬಿಟ್ಟ ಅನ್ನಿ. ಅಂಗಡಿಯ ಲೆಕ್ಕ ಕೆಡಲಿಲ್ಲ, ಕಾಳೊಂದೂ ಕಳೆದಿಲ್ಲ. ಇಂಥ ನೊಣ ನೋಡಲಿಕ್ಕೂ ಗಟ್ಟಿಮುಟ್ಟೇ. ತಕರಾರು ಬರುವುದು ಗಿರಾಕಿಗೆ ತೊಗರಿಯದೊಂದು, ಹೆಸರಿನದೊಂದು ಚೀಲ ಕೊಡುವಾಗ. ಎರಡೂ ನೆಟ್ಟಗಿನವು ಹೋದರೆ ಸರಿ, ಎರಡೂ ಬೆರಕೆಯವು ಹೋದರೂ ಸರಿ. ಒಂದು ನೆಟ್ಟಗಿನದು, ಒಂದು ಬೆರಕೆಯದು ಹೋಯಿತೋ, ಒಂದು ಕಾಳು ಹೆಚ್ಚು, ಇನ್ನೊಂದು ಕಮ್ಮಿ. ನೊಣದಲ್ಲಿ ಆ ಗಿರಾಕಿ ಮೊಟ್ಟೆ. ಬಾಟಲಿಯ ರವೆ ಮೇಲೆ ಲೆನ್ಸ್ ಹಿಡಿದು ಎಣಿಸಿದರೆ ಸುಮಾರು ಅರ್ಧ ಮೊಟ್ಟೆಗಳು ಒಡೆಯದೆ ಹಾಗೇ ಕಂದಿ ಬಿದ್ದಿರುತ್ತವೆ. ಮನುಷ್ಯರಲ್ಲೂ 14 ಮತ್ತು 21ನೇ ವರ್ಣತಂತು ಕೂಡಿಕೊಂಡು 46ರ ಬದಲು 45 ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ; ಅವರ ಮಗುವಿಗೆ ಡೌನ್ ಸಿಂಡ್ರೋಮ್ ಬರಬಹುದು.

ಹಾಗಾದರೆ ಟ್ರಾನ್ಸ್‌ಲೊಕೇಶನ್ ಅಂದರೆ ನಷ್ಟವೇ? ಅಲ್ಲ ಅಂತ ತೋರಿಸಿದ್ದು ಮೈಸೂರು. ಅಲ್ಲಿಯ ನೊಣ ನಸೂಟಾ. ಕೊಡಗಿನ ನಸೂಟಾಕ್ಕೆ ವರ್ಣತಂತು 8. ಪೂರ್ವ ದೇಶಗಳಲ್ಲಿರುವ ಅದರ ದಾಯಾದಿ ಆಲ್ಬೊಮಿಕಾನ್ಸ್‌ಗೆ 6 ಮಾತ್ರ. ಅದರಲ್ಲಿ ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳಿಗೆ ಬೆಸೆದುಕೊಂಡಿದೆ. 1916ರಲ್ಲಿ ಮಿಡತೆಗಳಲ್ಲಿ ಇಂಥ ಬೆಸುಗೆ ವಿವರಿಸಿದ ರಾಬರ್ಟ್‌ಸನ್ ಹೆಸರಿನಲ್ಲೇ ಇದನ್ನೂ ಟ್ರಾನ್ಸ್‌ಲೊಕೇಶನ್ ಅನ್ನುತ್ತಾರೆ. ಲೆಕ್ಕ ಬೇರೆಯಾದರೂ ಎರಡರ ನಡುವೆ ಬೀಗತನ ಕೂಡುತ್ತದೆ, ಮಕ್ಕಳು ಮೊಮ್ಮಕ್ಕಳೂ ಆಗುತ್ತವೆ. ಎನ್.ಬಿ. ರಾಮಚಂದ್ರ ಮತ್ತು ಎಚ್.ಎ. ರಂಗನಾಥ್ ಈ ಮಿಶ್ರ ಸಂತಾನವನ್ನು ತಲೆಮಾರುಗಟ್ಟಲೆ ಬೆಳೆಸಿ, ವರ್ಣತಂತುಗಳು ಹೊಸದಾಗಿ ಜೋಡಿಸಿಕೊಂಡದ್ದನ್ನು 1986ರಲ್ಲಿ ‘ಕ್ರೊಮೊಸೋಮಾ’ ಪತ್ರಿಕೆಯಲ್ಲಿ ಬರೆದರು. ಬಾಟಲಿಯೊಳಗೇ ಹುಟ್ಟಿದ ಈ ಹೊಸ ತಳಿಗಳಿಗೆ ಸೈಟೋರೇಸ್ ಅಂತ ಹೆಸರು.

ಮೊದಲನೆಯ ಸೈಟೋರೇಸಿನ ಸೊಗಸು ನೋಡಿ. ಹೆಣ್ಣಿಗೆ ಎಕ್ಸ್-3 ಬೆಸುಗೆ ಎರಡು, ಒಟ್ಟು 6. ಗಂಡಿಗೆ ಆ ಬೆಸುಗೆ ಒಂದೇ. ಜೊತೆಗೆ ನಸೂಟಾ ಅಪ್ಪನ ಕಡೆಯ ಬಿಡಿ ಮೂರನೆಯದು, ಬಿಡಿ ವೈ. ಒಟ್ಟು 7. ಒಂದೇ ಮನೆಯಲ್ಲಿ ಗಂಡ ಹೆಂಡತಿಗೆ ಬೇರೆ ಬೇರೆ ಲೆಕ್ಕ, ಆದರೂ ಸಂಸಾರ ನಡೆದಿದೆ! ಮುಲ್ಲರನ ಎಕ್ಸ್-ರೇ ನೊಣಗಳೆಲ್ಲ ಒಂದು ತೂಕ, ಈ ನೊಣ ಒಂದು ತೂಕ.

ಈ ವರ್ಣತಂತುಗಳನ್ನು ಎಣಿಸಲು ಹೊಸಬರು ನೊಣದ ಮರಿಹುಳುವಿನ ಜೊಲ್ಲುಗ್ರಂಥಿಗೆ ಕೈ ಹಾಕುತ್ತಾರೆ, ಎಡವುತ್ತಾರೆ. ಅಲ್ಲಿ ಪಟ್ಟೆಪಟ್ಟೆಯ ದಪ್ಪ ವರ್ಣತಂತುಗಳೇನೋ ಕಾಣುತ್ತವೆ, ಆದರೆ ಎಲ್ಲವೂ ಬುಡದಲ್ಲಿ ಒಂದೇ ಗಂಟು. ಬೆಸೆದದ್ದು ಯಾವುದು, ಬಿಡಿ ಯಾವುದು ತಿಳಿಯದು. ಎಣಿಕೆಗೆ ಬೇಕಾದ್ದು ಹುಳುವಿನ ಮಿದುಳು. ಗಸಗಸೆಗಿಂತ ಚಿಕ್ಕದು. ಸೂಜಿಯಿಂದ ಬಿಡಿಸಿ, ಕಾಲ್ಚಿಸಿನ್‌ನಲ್ಲಿ ನೆನೆಸಿ, ಬಣ್ಣ ಕೊಟ್ಟು, ಗಾಜಿನ ಕೆಳಗೆ ಹೆಬ್ಬೆರಳಿನಿಂದ ಒತ್ತಬೇಕು. ಹೆಬ್ಬೆರಳು ಒಂದಿಷ್ಟು ಜಾರಿದರೂ ಬೆಳಗಿನ ಕೆಲಸ ನೀರುಪಾಲು.

ನಮ್ಮ ಬೀದರಿನ ಬೇಸಿಗೆ ಇದಕ್ಕೆ ಶತ್ರು. ಹಣ್ಣುನೊಣಕ್ಕೆ 25 ಡಿಗ್ರಿ ಹಿತ. 30ರ ಆಸುಪಾಸಿಗೆ ಗಂಡುಗಳು ಬಂಜೆಯಾಗುತ್ತವೆ. ಹೋದ ಮೇ ತಿಂಗಳಲ್ಲಿ ನನ್ನ ಬಾಟಲಿಗಳೆಲ್ಲ ಹಾಗೇ ಹೋದವು. ಈಗ ನೀರಿನ ಮಡಕೆಗಳ ನಡುವೆ, ಒದ್ದೆ ಗೋಣಿ ಸುತ್ತಿ ಇಡುತ್ತೇನೆ.

ಬೀದರ, ಭಾಲ್ಕಿ, ಔರಾದಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವವರಿಗೆ ಒಂದು ಮಾತು. ರವೆ, ಬೆಲ್ಲ ಗಂಜಿನಲ್ಲೇ ಸಿಗುತ್ತದೆ, ಬಾಟಲಿ ನಾನು ಕೊಡುತ್ತೇನೆ. ದೀಪಾವಳಿ ಮುಗಿದ ಮೇಲೆ ಬನ್ನಿ, ಆಗ ಥಂಡಿ ಇರುತ್ತದೆ.