ಬಣ್ಣಕ್ಕೆ ಮೊದಲು ಬೆಲ್ಟು

ಸೆಸ್ನಾ 172 ನಾಲ್ಕು ಆಸನಗಳ, ಒಂದೇ ಎಂಜಿನ್ನಿನ ವಿಮಾನ. 1986ರಲ್ಲಿ ನಿಂತ ಅದರ ತಯಾರಿಕೆ ಮತ್ತೆ ಶುರುವಾದದ್ದು 1996ರಲ್ಲಿ. ಹಾಗಾಗಿ ಅಮೆರಿಕದಲ್ಲಿ ಇಂದಿಗೂ ಹಾರುತ್ತಿರುವ ಅನೇಕ 172ಗಳ ವಯಸ್ಸು ನಲವತ್ತು ದಾಟಿದೆ. ಇವುಗಳ ದುರಸ್ತಿಗೆ ಮಾಲೀಕರು ಧಾರಾಳವಾಗಿಯೇ ಖರ್ಚು ಮಾಡುತ್ತಾರೆ. ಆ ಖರ್ಚಿನ ಸರದಿಯಲ್ಲಿ ತಪ್ಪಿದೆ.

ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ ಆಗಲೇಬೇಕು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಹೊರಡಿಸುವ ಏರ್‌ವರ್ದಿನೆಸ್ ಡೈರೆಕ್ಟಿವ್ (ಸುರಕ್ಷತಾ ಆದೇಶ) ಪಾಲಿಸಲೇಬೇಕು. ತಯಾರಕರ ಸರ್ವಿಸ್ ಬುಲೆಟಿನ್ ಮಾತ್ರ ಖಾಸಗಿ ಮಾಲೀಕರಿಗೆ ಬಹುಮಟ್ಟಿಗೆ ಸಲಹೆಯಷ್ಟೇ. ನಿಯಮಗಳ ಈ ತಳಪಾಯ ಗಟ್ಟಿಯಾದದ್ದೇ. ಆದರೆ ಕಡ್ಡಾಯದ ಬಾಬ್ತು ತೀರಿದ ಮೇಲೆ ಉಳಿದ ಹಣ ಎಲ್ಲಿಗೆ ಹೋಗಬೇಕೆಂದು ಅದು ಹೇಳುವುದಿಲ್ಲ. ಹೊಸ ಬಣ್ಣ, ಚರ್ಮದ ಹೊದಿಕೆ, ಥಳಥಳಿಸುವ ಪರದೆಗಳು ಮುಂದೆ ನುಗ್ಗುವುದು ಇಲ್ಲೇ.

172ರ ಸೀಟನ್ನೇ ನೋಡಿ: ಅದು ಹಿಂದೆ ಮುಂದೆ ಸರಿಯುವ ಹಳಿಯ ತೂತು ಸವೆದರೆ, ಸೀಟನ್ನು ಹಿಡಿದಿಡುವ ಪಿನ್ನು ಕಚ್ಚುವುದಿಲ್ಲ. ವಿಮಾನ ಮೇಲೇರುವಾಗ ಸೀಟು ಹಿಂದಕ್ಕೆ ಜಾರಿದರೆ, ಪೈಲಟ್ ಆಸರೆಗೆಂದು ಹಿಡಿದ ಯೋಕ್ (ಚಾಲನಾ ಹಿಡಿಕೆ) ಕೂಡ ಹಿಂದೆ ಬರುತ್ತದೆ. ಮೂತಿ ಇನ್ನಷ್ಟು ಎದ್ದು, ರೆಕ್ಕೆ ಎತ್ತುವ ಬಲ ಕಳೆದುಕೊಂಡು ವಿಮಾನ ಸ್ಟಾಲ್ ಆಗಬಹುದು. ಹಳಿಯ ತಪಾಸಣೆ ಕಡ್ಡಾಯ. ಜಾರಿದ ಸೀಟನ್ನು ತಡೆಯುವ ಎರಡನೇ ಸ್ಟಾಪ್ ಮಾಲೀಕರ ಇಚ್ಛೆ. ಭುಜದ ಬೆಲ್ಟಿನ ಕಥೆಯೂ ಇದೇ: ಮುಂದಿನ ಸೀಟುಗಳಿಗೆ ಅದು ಕಡ್ಡಾಯವಾದದ್ದು 1978ರ ಜುಲೈ 18ರ ನಂತರ ತಯಾರಾದ ಸಣ್ಣ ವಿಮಾನಗಳಿಗೆ ಮಾತ್ರ. ಅಗ್ಗದ ಈ ಎರಡು ಕೆಲಸಗಳು ಬಾಕಿ ಇರುವಾಗ ಬಣ್ಣ ಬಳಿಸುವುದು ಶೋಕಿ.

ಹಾಗೆಂದು ಹೆಚ್ಚು ಖರ್ಚೇ ಹೆಚ್ಚು ಸುರಕ್ಷತೆಯೂ ಅಲ್ಲ. ಅನೇಕ ಹಳೆಯ 172ಗಳಲ್ಲಿರುವ ತನ್ನ ಒ-320 ಎಂಜಿನ್ನಿಗೆ ಲೈಕಮಿಂಗ್ ಕಂಪನಿ 2000 ಗಂಟೆಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ನವೀಕರಿಸುವುದು) ಸೂಚಿಸುತ್ತದೆ. ಅದಕ್ಕೆ ಹತ್ತಾರು ಸಾವಿರ ಡಾಲರ್ ಬೇಕು. ಖಾಸಗಿ ಮಾಲೀಕರಿಗೆ ಈ ಮಿತಿ ಕಡ್ಡಾಯವಲ್ಲ. ಮೇಲಾಗಿ, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಕೋಸ್ಟಲ್ ಕಮಾಂಡ್ ವಿಮಾನಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಸಿ.ಎಚ್. ವಾಡಿಂಗ್ಟನ್ ತಂಡ ಕಂಡದ್ದು, ನಿಗದಿತ ತಪಾಸಣೆ ಮುಗಿದ ಬೆನ್ನಲ್ಲೇ ದೋಷಗಳು ಏರುತ್ತಿದ್ದವು ಎಂಬುದನ್ನು. ಸುಮ್ಮನೆ ಬಿಚ್ಚಿ ಜೋಡಿಸಿದರೆ ಹೊಸ ದೋಷ ಹುಟ್ಟುತ್ತದೆ. ಇತ್ತ ತಿಂಗಳುಗಟ್ಟಲೆ ನಿಂತ ಎಂಜಿನ್ನಿನ ಕ್ಯಾಮ್‌ಶಾಫ್ಟ್ 2000 ಗಂಟೆ ತುಂಬುವ ಮೊದಲೇ ತುಕ್ಕು ಹಿಡಿಯಬಹುದು. ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಹುಡುಕುವುದು, ಬೋರೋಸ್ಕೋಪ್ ಎಂಬ ಕೊಳವೆ ಕ್ಯಾಮೆರಾದಲ್ಲಿ ಸಿಲಿಂಡರಿನೊಳಗೆ ಇಣುಕುವುದು ಗಂಟೆಯ ಲೆಕ್ಕಕ್ಕಿಂತ ಹೆಚ್ಚು ನಂಬಲರ್ಹ. ಆದರೆ ಅದನ್ನು ಬಿಡದೆ ಮಾಡುವ ಶಿಸ್ತು ಇಲ್ಲದವರಿಗೆ ಓವರ್‌ಹಾಲ್ ಮುಂದೂಡುವ ಈ ಉಳಿತಾಯ ಸಲ್ಲದು.

ಮೊದಲು ಹಿಡಿತ ತಪ್ಪಿಸುವ ದೋಷ, ಅನಂತರ ಅಪಘಾತದಲ್ಲಿ ಜೀವ ಉಳಿಸುವ ಬೆಲ್ಟು, ಆಮೇಲೆ ಎಂಜಿನ್ನಿನ ನಿಜಸ್ಥಿತಿ, ಕೊನೆಗೆ ಅಂದಚೆಂದ. ಹಳೆಯ ವಿಮಾನ ಕೊಳ್ಳುವವರು ಅದರ ಬಣ್ಣಕ್ಕಿಂತ ಮೊದಲು ಲಾಗ್‌ಬುಕ್ಕಿನಲ್ಲಿ ಈ ಸರದಿಯನ್ನು ನೋಡಲಿ.